ಎಣ್ಣೆಯಿಲ್ಲದ ಮಾಲೀಸು

ಎಡಗಡೆಯದು ನನ್ನ ಹೆಬ್ಬೆರಳ ಉಗುರಿನಷ್ಟಿತ್ತು. ಬಲಗಡೆಯದು ತುಸು ದೊಡ್ಡದು, ಹುಣಸೆಬೀಜದ ಆಕಾರ. ಕತ್ತು ಮುಗಿದು ಬೆನ್ನು ಶುರುವಾಗುವ ದಿಬ್ಬದ ಎರಡೂ ಪಕ್ಕದಲ್ಲಿ, ಕಂದು ಕೂದಲಿನ ನಡುವೆ, ಎರಡು ಬಿಳಿ ಮಚ್ಚೆಗಳು. ಕುದುರೆಯ ಚರ್ಮ ಹುಣ್ಣಾಗಿ ಮಾಗಿದರೆ ಆ ಜಾಗದಲ್ಲಿ ಮತ್ತೆ ಬರುವ ಕೂದಲು ಬಹಳ ಸಲ ಬಿಳಿಯಾಗಿಯೇ ಬರುತ್ತದೆ. ಡಿಸೆಂಬರಿನಲ್ಲಿ ಇದೇ ಬೆನ್ನಿನ ಫೋಟೊ ತೆಗೆದುಕೊಂಡಿದ್ದೆ. ಆಗ ಅಲ್ಲಿ ಬಿಳಿಯ ಒಂದು ಎಳೆಯೂ ಇರಲಿಲ್ಲ. ಈಗ ಮೇ ತಿಂಗಳು.

"ಅದು ಹುಟ್ಟುಮಚ್ಚೆ," ಎಂದರು ಕುದುರೆಯ ಮಾಲೀಕರು. ನನಗೆ ಹೇಳಿದ್ದಲ್ಲ, ಕುದುರೆ ಕೊಳ್ಳಲು ಬಂದಿದ್ದವರಿಗೆ ಹೇಳಿದ್ದು.

ಈ ದಿನಕ್ಕಾಗಿ ಐದು ತಿಂಗಳು ಕಾದಿದ್ದೆ, ಇನ್ನೂ ಸ್ವಲ್ಪ ಹೊತ್ತು ಕಾಯಬಲ್ಲೆ ಅಂದುಕೊಂಡೆ.

ನಾನು ಕುದುರೆಗಳಿಗೆ ಮಾಲೀಸು ಮಾಡುತ್ತೇನೆ. ಹೀಗೆ ಹೇಳಿದರೆ ಎದುರಿನವರು ಮೊದಲು ನಗುತ್ತಾರೆ, ಆಮೇಲೆ "ನಿಜವಾಗ್ಲೂ?" ಎಂದು ಕೇಳುತ್ತಾರೆ. ಆದ್ದರಿಂದ ಸಾಮಾನ್ಯವಾಗಿ ಹೇಳುವುದಿಲ್ಲ. ವಾರದ ದಿನಗಳಲ್ಲಿ ಸಾಗರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಎಂ.ಎಸ್ಸಿ. ಮುಗಿಸಿದ ಮೇಲೆ ಮೈಸೂರಿನ ಒಂದು ಲಾಯದಲ್ಲಿ ಎರಡು ವರ್ಷ ಇದ್ದು ಈ ಕೆಲಸ ಕಲಿತೆ. ಕಲಿಸಿದವರು ಮೊದಲ ಮೂರು ತಿಂಗಳು ನನಗೆ ಯಾವ ಕುದುರೆಯನ್ನೂ ಒತ್ತಲು ಬಿಡಲಿಲ್ಲ, ಬರೀ ಅಂಗೈ ಇಟ್ಟು ನಿಲ್ಲಿಸುತ್ತಿದ್ದರು. ಎಲ್ಲಿ ಬಿಸಿ, ಎಲ್ಲಿ ತಣ್ಣಗೆ, ಎಲ್ಲಿ ಚರ್ಮ ಕೈಯ ಕೆಳಗೆ ಜಾರುತ್ತದೆ, ಎಲ್ಲಿ ಅಂಟಿಕೊಂಡಿದೆ, ಅಷ್ಟನ್ನು ಹೇಳಿದರೆ ಆ ದಿನದ ಪಾಠ ಮುಗಿಯಿತು.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಸೇರಿಸಿದರೂ ಕುದುರೆಗಳು ಬಹಳ ಇಲ್ಲ. ಮದುವೆ ಮೆರವಣಿಗೆಗೆ ಕೊಡುವವರ ಹತ್ತಿರ ಒಂದೆರಡು, ಪ್ರವಾಸಿಗರನ್ನು ಹತ್ತಿಸಿ ಸುತ್ತು ಹೊಡೆಸುವ ಹೋಂಸ್ಟೇಗಳಲ್ಲಿ ಅಲ್ಲೊಂದು ಇಲ್ಲೊಂದು. ಶನಿವಾರ ಭಾನುವಾರ ಸ್ಕೂಟಿ ಹತ್ತಿ ಹೋಗುತ್ತಿದ್ದೆ. ಎರಡು ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲ ಲಾಯಗಳೂ ನನ್ನ ಗುರುತಿಗೆ ಬಂದಿದ್ದವು. ಇಷ್ಟು ಸಣ್ಣ ಲೋಕದಲ್ಲಿ ಹೆಸರು ಬರುವುದು ನಿಧಾನ. ಹೋಗಲು ಒಂದು ದಿನ ಸಾಕು ಎಂಬುದು ಆಗ ಗೊತ್ತಿರಲಿಲ್ಲ.

ಡಿಸೆಂಬರಿನ ಒಂದು ಶನಿವಾರ ಕೋಣಂದೂರಿನ ಆಚೆಯ ಒಂದು ಹೋಂಸ್ಟೇಯಿಂದ ಕರೆ ಬಂತು. ಮಾಲೀಕರು ಐವತ್ತರ ಆಸುಪಾಸಿನವರು, ಜಮೀನಿದ್ದವರು, ಮಾತಿನಲ್ಲಿ ಮುಂದು. ಕುದುರೆ ಬಲಕ್ಕೆ ತಿರುಗಲು ಹಠ ಮಾಡುತ್ತದೆ ಎಂದರು. ಅದನ್ನು ನೋಡಿಕೊಳ್ಳುತ್ತಿದ್ದವರು ಹಿಂದೆ ಶಿವಮೊಗ್ಗದಲ್ಲಿ ಜಟಕಾ ಹೊಡೆಯುತ್ತಿದ್ದ ಹಿರಿಯರು. ಅವರು ಹೆಚ್ಚು ಮಾತಾಡುವವರಲ್ಲ. ನಾನು ಅವರನ್ನು ಅಣ್ಣ ಎಂದು ಕರೆದೆ.

ಮೊದಲ ಹತ್ತು ನಿಮಿಷ ನಾನು ಕುದುರೆಯನ್ನು ಮುಟ್ಟುವುದಿಲ್ಲ. ಏನು ಕೆಲಸ, ಏನು ಮೇವು, ಲಾಳ ಕಟ್ಟಿಸಿದ್ದು ಯಾವಾಗ, ಎಲ್ಲಾದರೂ ಬಿದ್ದಿದೆಯೇ, ಪಶುವೈದ್ಯರು ನೋಡಿದ್ದಾರೆಯೇ ಎಂದು ಕೇಳುತ್ತೇನೆ. ಕುಂಟುವ ಕುದುರೆಯಾದರೆ ಮೊದಲು ವೈದ್ಯರಿಗೆ ತೋರಿಸಿ ಎಂದು ಹೇಳಿ ಹಿಂದಿರುಗುತ್ತೇನೆ, ಅದು ನನ್ನ ಕೆಲಸವಲ್ಲ. ಆಮೇಲೆ ಗಟ್ಟಿ ನೆಲದ ಮೇಲೆ ನಡೆಸಿ ನೋಡುತ್ತೇನೆ. ಆ ದಿನ ಅಣ್ಣ ಕುದುರೆಯನ್ನು ಸಿಮೆಂಟಿನ ಅಂಗಳದಲ್ಲಿ ಎರಡು ಸಲ ಆ ಕಡೆ ಈ ಕಡೆ ನಡೆಸಿದರು. ಕಂದು ಬಣ್ಣದ ಹೆಣ್ಣು ಕುದುರೆ, ತುದಿ ಒಳಕ್ಕೆ ಬಾಗಿದ ಕಿವಿಗಳು. ಕುಂಟುತ್ತಿರಲಿಲ್ಲ, ಆದರೆ ಬಲ ಮುಂಗಾಲಿನ ಹೆಜ್ಜೆ ಎಡದ್ದಕ್ಕಿಂತ ಗಿಡ್ಡ.

ಎಡಗತ್ತಿನಿಂದ ಶುರು ಮಾಡಿದೆ. ಅಂಗೈಯನ್ನು ಪೂರ್ತಿ ಇಟ್ಟು, ಕಿವಿಯ ಹಿಂದಿನಿಂದ ಭುಜದವರೆಗೆ, ಅಲ್ಲಿಂದ ಬೆನ್ನು, ಸೊಂಟ, ತೊಡೆ. ಎರಡನೇ ಸುತ್ತಿನಲ್ಲಿ ಬೆರಳ ತುದಿ. ಗಂಟು ಸಿಕ್ಕಲ್ಲಿ ನಿಲ್ಲುತ್ತೇನೆ. ತಿಕ್ಕುವುದಿಲ್ಲ. ಭಾರ ಹಾಕಿ ಕಾಯುತ್ತೇನೆ, ಕೆಳಗಿನ ಮಾಂಸ ತಾನಾಗಿ ಸಡಿಲವಾಗುವವರೆಗೆ. ಕುದುರೆ ಮೊದಲು ಕಿವಿ ಹಿಂದಕ್ಕೆ ಹಾಕಿತು, ಬಾಲ ಬೀಸಿತು. ಕಾಲು ಗಂಟೆಯ ಮೇಲೆ ಕಣ್ಣಿನ ರೆಪ್ಪೆ ನಿಧಾನವಾಯಿತು, ಕೆಳತುಟಿ ಜೋತುಬಿತ್ತು. ಬಲ ಭುಜದ ಹಿಂದೆ ಹೆಬ್ಬೆರಳು ಇಟ್ಟು ಒಂದು ನಿಮಿಷ ನಿಂತಾಗ ಅದು ಬಾಯಲ್ಲಿ ಏನೂ ಇಲ್ಲದಿದ್ದರೂ ಅಗಿಯಿತು, ನಾಲಿಗೆಯಿಂದ ತುಟಿ ಸವರಿತು, ಆಮೇಲೆ ಒಂದಾದ ಮೇಲೊಂದು ಮೂರು ಸಲ ಆಕಳಿಸಿತು. ಈ ಆಕಳಿಕೆಗಾಗಿಯೇ ನಾನು ಅಷ್ಟು ದೂರ ಹೋಗುವುದು.

ಮಾಲೀಕರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು.

"ಎಣ್ಣೆ ತಂದಿಲ್ವಾ ಮೇಡಂ?"

"ಎಣ್ಣೆ ಬೇಡ ಸರ್. ಎಣ್ಣೆ ಇದ್ರೆ ಕೈ ಜಾರುತ್ತೆ, ಗಂಟು ಗೊತ್ತಾಗಲ್ಲ. ಆಮೇಲೆ ಜೀನೂ ಜಾರುತ್ತೆ."

"ಎಣ್ಣೆ ಇಲ್ದೆ ಎಂಥ ಮಸಾಜು ಮಾರಾಯ್ರೆ! ನಮ್ಮನೇಲಿ ಗದ್ದೆ ಹೂಟಿ ಮುಗಿದ್ಮೇಲೆ ಕೋಣಕ್ಕೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ತಿದ್ರು. ಪಟಾ ಪಟಾ ಅಂತ ಹೊಡೆಯೋ ಸದ್ದು ರಸ್ತೆಗೆ ಕೇಳೋದು. ನೀವು ಎಂಥ, ಬರೀ ಮುಟ್ಟಿ ಮುಟ್ಟಿ ನೋಡ್ತಾ ಇದೀರಿ, ಜ್ವರ ಇದ್ಯಾ ಅಂತ ನೋಡ್ದಂಗೆ."

ಕುರ್ಚಿಯ ಹಿಂದೆ ನಿಂತಿದ್ದ ಇಬ್ಬರು ಅತಿಥಿಗಳು ನಕ್ಕರು. ನಾನೂ ಸ್ವಲ್ಪ ನಕ್ಕೆ. ಅದು ಈಗಲೂ ನನಗೆ ಸಿಟ್ಟು ಬರಿಸುವ ವಿಷಯ.

ಹೊರಡುವಾಗ ಒಂದು ಚೀಟಿ ಬರೆದು ಕೊಟ್ಟೆ. ಈ ದಿನ ಮತ್ತು ನಾಳೆ ಜೀನು ಹಾಕಬಾರದು. ಸಂಜೆ ಹತ್ತು ನಿಮಿಷ ಸುಮ್ಮನೆ ನಡೆಸಬೇಕು. ನೀರು ಹೆಚ್ಚು ಕುಡಿಯಬಹುದು, ಕುಡಿಯಲಿ. ನಾಳೆ ಸ್ವಲ್ಪ ಮಂಕಾಗಿದ್ದರೆ ಹೆದರಬೇಡಿ. ಮಾಲೀಕರು ಓದದೆ ಅಂಗಿಯ ಜೇಬಿಗೆ ಹಾಕಿಕೊಂಡರು.

ಬುಧವಾರ ಸಾಗರದಲ್ಲಿ ಹೋಂಸ್ಟೇ ನಡೆಸುವ ಪರಿಚಯದ ಹೆಂಗಸೊಬ್ಬರು ನನಗೆ ಒಂದು ಧ್ವನಿ ಸಂದೇಶ ಕಳಿಸಿದರು. ಮೂರೂ ತಾಲ್ಲೂಕಿನ ಹೋಂಸ್ಟೇಯವರು, ಕುದುರೆಯವರು ಇರುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದು, ಆ ಮಾಲೀಕರದೇ ದನಿ. ನಲವತ್ತೊಂದು ಸೆಕೆಂಡು.

"ಎಲ್ರಿಗೂ ಒಂದು ಮಾತು. ಸಾಗರದಿಂದ ಒಂದು ಹುಡುಗಿ ಬರ್ತದಲ್ಲ, ಕುದುರೆಗೆ ಮಸಾಜು ಮಾಡ್ತೀನಿ ಅಂತ, ಕರೀಬೇಡಿ. ಅದು ಒತ್ತಿ ಹೋಗಿದ್ದೇ ಹೋಗಿದ್ದು, ನಮ್ ಕುದುರೆ ಬೆನ್ನೆಲ್ಲ ಹುಣ್ಣು. ಫೋಟೊ ತೆಗೆಸಾಕೆ ಬಂದ ಮದುಮಗನ್ನ ಎತ್ತಿ ಹಾಕ್ತು, ಪಾಪ ಶೇರ್ವಾನಿ ಹರ್ದು ಹೋಯ್ತು. ಓದಿದೀನಿ ಅಂತಾರೆ, ಎಂಥ ಓದಿದಾರೋ ದೇವರಿಗೇ ಗೊತ್ತು."

ಹಿನ್ನೆಲೆಯಲ್ಲಿ ಯಾರೋ ನಗುವುದೂ ಕೇಳಿಸುತ್ತಿತ್ತು. ಮೂವತ್ತೆರಡನೇ ಸೆಕೆಂಡಿಗೆ ಶುರುವಾಗಿ ಮೂವತ್ತೈದಕ್ಕೆ ನಿಲ್ಲುತ್ತದೆ.

ಮಾಲೀಕರಿಗೆ ಫೋನ್ ಮಾಡಿದೆ. "ನಾನೇನು ಸುಳ್ಳು ಹೇಳಿದ್ನಾ?" ಎಂದರು. "ನೀವು ಮುಟ್ಟಿದ ಮೇಲೇ ಆಗಿದ್ದಲ್ವಾ?" ಜೀನು ಯಾವಾಗ ಹಾಕಿದಿರಿ ಎಂದು ಕೇಳಿದ್ದಕ್ಕೆ, ಅತಿಥಿಗಳು ಬಂದಿದ್ದಾರೆ, ಆಮೇಲೆ ಮಾತಾಡೋಣ ಎಂದು ಇಟ್ಟರು.

ನಡೆದದ್ದನ್ನು ಹೇಳಿದವರು ಅಣ್ಣ, ಮಾಲೀಕರಿಗೆ ಗೊತ್ತಿಲ್ಲದಂತೆ, ಮುಂದಿನ ವಾರ ಯಾರದೋ ಫೋನಿನಿಂದ. ನಾನು ಹೋದ ಸಂಜೆಯೇ ಮಾಲೀಕರು ಮನೆಯಿಂದ ಕೈಕಾಲು ನೋವಿನ ಎಣ್ಣೆ ತರಿಸಿದ್ದರು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿದ್ದು. ಎಣ್ಣೆ ಹಚ್ಚದೆ ಮಾಲೀಸು ಅರ್ಧಕ್ಕೇ ನಿಂತಿದೆ, ಪೂರ್ತಿ ಮಾಡಬೇಕು ಎಂದು ನಿಂತು ಬೆನ್ನಿಗೆಲ್ಲ ತಿಕ್ಕಿಸಿದರು. ಕೋಣಕ್ಕಾದರೆ ಬಿಸಿನೀರು ಹೊಯ್ದು ತೊಳೆಯುತ್ತಿದ್ದರು. ಇದಕ್ಕೆ ಚಳಿಯಾಗುತ್ತದೆ ಎಂದು ನೀರು ಹೊಯ್ಯಲಿಲ್ಲ. ಮಾರನೇ ಬೆಳಿಗ್ಗೆ ಮದುವೆ ಜೋಡಿ ಫೋಟೊ ತೆಗೆಸಲು ಬಂತು. ಎಣ್ಣೆಯ ಬೆನ್ನಿನ ಮೇಲೆ ಜೀನು ನಿಲ್ಲಲಿಲ್ಲ. ಹೊಟ್ಟೆಪಟ್ಟಿಯನ್ನು ಇನ್ನೂ ಎರಡು ತೂತು ಬಿಗಿದರು. ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿದರು.

"ನಾನು ಬೇಡ ಅಂದೆ ಅಮ್ಮ," ಎಂದರು ಅಣ್ಣ. "ಜಟಕಾ ಹೊಡೆಯೋನಿಗೆ ಮಸಾಜು ಏನು ಗೊತ್ತು ಅಂದ್ರು. ಈಗ ಹುಣ್ಣಿಗೆ ಏನು ಹಾಕ್ಲಿ, ಅಷ್ಟು ಹೇಳಿ."

ಸರಕಾರಿ ಪಶು ಆಸ್ಪತ್ರೆಯ ವೈದ್ಯರನ್ನು ಕರೆಸಿ, ಉಪ್ಪುನೀರಲ್ಲಿ ತೊಳೆಯಿರಿ, ಕೂದಲು ಬರುವವರೆಗೆ ಜೀನು ಮುಟ್ಟಿಸಬೇಡಿ ಎಂದೆ. ಹುಣ್ಣು ಒಣಗಿದ ಮೇಲೆ ಅದರ ಸುತ್ತ ಅಂಗೈ ಹೇಗೆ ಇಡಬೇಕು ಎಂದು ಒಂದು ದಿನ ವಿಡಿಯೊ ಕರೆಯಲ್ಲಿ ತೋರಿಸಿದೆ. ಮಾಲೀಕರ ವಿರುದ್ಧ ಸಾಕ್ಷಿ ಹೇಳಿ ಎಂದು ಅವರನ್ನು ಕೇಳಲಿಲ್ಲ. ಅವರು ಉಣ್ಣುತ್ತಿದ್ದದ್ದು, ಮಲಗುತ್ತಿದ್ದದ್ದು ಎಲ್ಲ ಆ ಅಂಗಳದಲ್ಲೇ.

ಜನವರಿಯಲ್ಲಿ ಹೊಸನಗರದ ಕಡೆಯ ಹೋಂಸ್ಟೇಯವರು ನನ್ನನ್ನು ಕರೆಯುವುದು ಬಿಟ್ಟರು. ಫೆಬ್ರವರಿಯಲ್ಲಿ ಸಾಗರದ ಮೆರವಣಿಗೆ ಕುದುರೆಯವರು, "ಸದ್ಯಕ್ಕೆ ಬೇಡ ಮೇಡಂ, ಮದುವೆ ಸೀಸನ್ನು, ರಿಸ್ಕ್ ಯಾಕೆ," ಎಂದರು. ಶನಿವಾರಗಳು ಖಾಲಿಯಾದವು. ಖಾಲಿ ಶನಿವಾರ ನಾನು ಏನು ಮಾಡುತ್ತಿದ್ದೆ ಎಂದರೆ, ಆ ನಲವತ್ತೊಂದು ಸೆಕೆಂಡು ಕೇಳುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಉತ್ತರಪತ್ರಿಕೆ ತಿದ್ದುವಾಗಲೂ ಕೇಳಿದ್ದಿದೆ. ಆ ಮಾಲೀಕರ ಹೋಂಸ್ಟೇ ಬಗ್ಗೆ ಇಂಟರ್ನೆಟ್ಟಿನಲ್ಲಿ ಕೆಟ್ಟ ಅಭಿಪ್ರಾಯ ಬರೆಯಬಹುದಿತ್ತು, ಬರೆದು ಅಳಿಸಿದೆ. ಅಪರಿಚಿತರಿಗೆ ಅವರು ಕೆಟ್ಟವರೆಂದು ಗೊತ್ತಾಗುವುದರಿಂದ ನನಗೆ ಉಪಯೋಗವಿರಲಿಲ್ಲ. ಅದೇ ಗುಂಪಿಗೆ, ಅದೇ ಬಾಯಿಂದ, ಎಣ್ಣೆ ಹಚ್ಚಿಸಿದ್ದು ತಾವೇ ಎಂಬ ಮಾತು ಹೋಗಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ. ಅವರಿಗೆ ಅದನ್ನು ಹೇಳುವಾಗ ಹಿಂಸೆಯಾಗಬೇಕಿತ್ತು, ಅದೂ ನಿಜ.

ಮೇ ತಿಂಗಳ ಮೊದಲ ವಾರ ಕಾರ್ಗಲ್‌ನಿಂದ ಒಬ್ಬರು ಫೋನ್ ಮಾಡಿದರು. ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹಿನ್ನೀರಿಗೆ ಸೇತುವೆಯಾದ ಮೇಲೆ ತುಮರಿ ಕಡೆ ಜನ ಬರುತ್ತಿದ್ದಾರೆ, ಅಲ್ಲಿ ತಮ್ಮ ಜಾಗವಿದೆ, ಮಕ್ಕಳನ್ನು ಕೂರಿಸಿ ಸುತ್ತಿಸಲು ಒಂದು ಸಾಧು ಕುದುರೆ ಬೇಕು ಎಂದರು.

"ನೀವು ಕೈಯಿಟ್ಟು ನೋಡಿ ಬೆನ್ನು ಹೇಳ್ತೀರಂತೆ. ನಮ್ಮ ಮಗಳು ನಿಮ್ಮ ಸ್ಟೂಡೆಂಟು. ನಾವೂ ಟರ್ಬೈನ್ ಬೇರಿಂಗಿಗೆ ಕೈಯಿಟ್ಟೇ ಹೇಳ್ತಿದ್ವಿ ಮೇಡಂ, ಮೀಟರ್ ಆಮೇಲೆ. ಅದಕ್ಕೇ ನಿಮ್ಮ ಮೇಲೆ ನಂಬಿಕೆ ಬಂತು. ಕೊಳ್ಳೋಕೆ ಮುಂಚೆ ಒಂದ್ಸಲ ಮಸಾಜು ಮಾಡಿ ಹೇಗಿದೆ ಅಂತ ಹೇಳ್ಬೇಕು. ಕೋಣಂದೂರು ಕಡೆ ಒಂದು ಕಂದು ಹೆಣ್ಣು ಕುದುರೆ..."

ಅವರು ಹೇಳಿ ಮುಗಿಸುವ ಮೊದಲೇ ಬರುತ್ತೇನೆ ಎಂದೆ. ಆ ಮಾಲೀಕರಿಗೂ ನನಗೂ ಏನಾಗಿದೆ ಎಂದು ಅವರಿಗೆ ಆಗಲೇ ತಿಳಿಸಬೇಕಿತ್ತು. ತಿಳಿಸಲಿಲ್ಲ.

ಭಾನುವಾರ ಅವರ ಕಾರಿನಲ್ಲಿ ಹೋದೆವು. ಅಂಗಳದಲ್ಲಿ ಕಾರು ನಿಂತಾಗ ಮಾಲೀಕರು ನಗುತ್ತ ಬಂದರು. ನಾನು ಇಳಿದದ್ದು ನೋಡಿ ನಗು ಅಲ್ಲೇ ಅರ್ಧಕ್ಕೆ ನಿಂತಿತು.

"ಓ, ಇವರಾ."

"ಪರಿಚಯ ಉಂಟಾ?" ಎಂದರು ಕಾರ್ಗಲ್‌ನವರು.

"ಒಂದ್ಸಲ ಬಂದಿದ್ರು ಅಂತ ಕಾಣ್ತದೆ. ಎಷ್ಟೋ ಜನ ಬಂದು ಹೋಗ್ತಾರಲ್ಲ ಸಾರ್."

ಅಣ್ಣ ಕುದುರೆಯನ್ನು ತಂದರು. ಅದು ನನ್ನ ತೋಳನ್ನು ಮೂಸಿತು. ಗಟ್ಟಿ ನೆಲದ ಮೇಲೆ ನಡೆಸಿ ನೋಡಿದೆ, ಎರಡೂ ಮುಂಗಾಲಿನ ಹೆಜ್ಜೆ ಸಮ. ಕೈಯಿಟ್ಟೆ. ಬಿಳಿ ಮಚ್ಚೆಗಳನ್ನು ಕಂಡದ್ದು, ಮಾಲೀಕರು ಹುಟ್ಟುಮಚ್ಚೆ ಎಂದದ್ದು ಆಗಲೇ.

ಮುಂದೆ ಹೋದೆ. ಮಚ್ಚೆಗಳ ಕೆಳಗೆ ಗಂಟಿರುತ್ತದೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಇರಲಿ ಎಂದು ಬಯಸಿದ್ದೆ. ಇರಲಿಲ್ಲ. ಚರ್ಮ ಸಲೀಸಾಗಿ ಜಾರುತ್ತಿತ್ತು, ಬೆನ್ನಿನ ಎರಡೂ ಪಕ್ಕ ಒಂದೇ ಬಿಸಿ. ಬಲ ಭುಜದ ಹಿಂದೆ ಡಿಸೆಂಬರಿನಲ್ಲಿ ಬಿಗಿದುಕೊಂಡಿದ್ದ ಜಾಗ ಈಗ ಮೆತ್ತಗಿತ್ತು. ಐದು ತಿಂಗಳು ಯಾರೋ ಅಲ್ಲಿ ಅಂಗೈ ಇಟ್ಟು ತಾಳ್ಮೆಯಿಂದ ನಿಂತಿದ್ದಾರೆ. ಹಗ್ಗ ಹಿಡಿದಿದ್ದ ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ. ಇಪ್ಪತ್ತು ನಿಮಿಷಕ್ಕೆ ಕುದುರೆ ತಲೆ ತಗ್ಗಿಸಿ ಒಂದು ಹಿಂಗಾಲನ್ನು ಸಡಿಲ ಬಿಟ್ಟು ನಿಂತಿತು.

ಬೆನ್ನು ಚೆನ್ನಾಗಿದೆ. ಹಾಗೆಂದು ಹೇಳಿದರೆ ಮಾಲೀಕರ ಕೆಲಸ ಆಗುತ್ತದೆ, ನಾನು ಸಾಗರಕ್ಕೆ ಹಿಂದಿರುಗುತ್ತೇನೆ, ಗುಂಪಿನಲ್ಲಿ ಆ ನಲವತ್ತೊಂದು ಸೆಕೆಂಡು ಹಾಗೇ ಉಳಿಯುತ್ತದೆ. ಕುದುರೆಯೇ ಮಾರಾಟವಾಗಿ ಹೋದ ಮೇಲೆ ನನ್ನ ಮಾತಿಗೆ ಆಧಾರವೂ ಇರುವುದಿಲ್ಲ.

ಕುದುರೆಯ ಸೊಂಟದ ಹತ್ತಿರ, ಬೆನ್ನುಮೂಳೆಯ ಪಕ್ಕದಲ್ಲಿ, ಉಗುರನ್ನು ಚುರುಕಾಗಿ ಎಳೆದರೆ ಯಾವ ಕುದುರೆಯೂ ಬೆನ್ನನ್ನು ತಟ್ಟನೆ ಕೆಳಗೆ ತಗ್ಗಿಸುತ್ತದೆ. ನೋವಿಲ್ಲದ ಕುದುರೆಯೂ ತಗ್ಗಿಸುತ್ತದೆ. ನಮ್ಮ ಪಾದಕ್ಕೆ ಕಚಗುಳಿಯಿಟ್ಟರೆ ಬೆರಳು ಮಡಚಿದ ಹಾಗೆ. ಬೆನ್ನು ಸಲೀಸಾಗಿ ಬಾಗುತ್ತದೆಯೇ ಎಂದು ನೋಡಲು ನಾವು ಇದನ್ನು ಮಾಡುತ್ತೇವೆ, ಮಾಡುವ ಮೊದಲು ಜೊತೆಗಿದ್ದವರಿಗೆ ಹೇಳುತ್ತೇವೆ. ಗೊತ್ತಿಲ್ಲದವರ ಕಣ್ಣಿಗೆ ಅದು ನೋವಿನಿಂದ ಕುಸಿದಂತೆಯೇ ಕಾಣುತ್ತದೆ.

ನಾನು ಹೇಳದೆ ಉಗುರು ಎಳೆದೆ. ಬೆನ್ನು ತಗ್ಗಿತು.

"ಅಯ್ಯಯ್ಯೋ," ಎಂದರು ಕಾರ್ಗಲ್‌ನವರು. "ನೋವಿದೆಯಲ್ಲ."

ನಾನು ಇನ್ನೊಂದು ಪಕ್ಕದಲ್ಲೂ ಎಳೆದೆ. ಕುದುರೆ ಮತ್ತೆ ತಗ್ಗಿ, ತಲೆ ಎತ್ತಿ, ಕತ್ತು ತಿರುಗಿಸಿ ನನ್ನನ್ನು ನೋಡಿತು. ಮೊದಲನೆಯದಕ್ಕೆ ಪರೀಕ್ಷೆ ಎಂಬ ಹೆಸರು ಕೊಡಬಹುದು. ಎರಡನೆಯದಕ್ಕೆ ಯಾವ ಹೆಸರನ್ನೂ ಕೊಡಲಾರೆ.

"ನೋಡಿದ್ರಾ ಸಾರ್," ಮಾಲೀಕರು ಕುರ್ಚಿಯಿಂದ ಎದ್ದರು. "ಎಲ್ಲ ಈ ಮೇಡಂ ಕೈಚಳಕನೇ. ಆವತ್ತು ಇವ್ರು ಒತ್ತಿದ್ದಕ್ಕೇ ಹುಣ್ಣಾಗಿದ್ದು, ಆ ಬಿಳಿ ಕಾಣ್ತದಲ್ಲ, ಅದೇ. ಅದ್ಬಿಟ್ರೆ ಕುದುರೆಗೆ ಏನೂ ಆಗಿಲ್ಲ."

"ಹುಟ್ಟುಮಚ್ಚೆ ಅಂದ್ರಲ್ಲ ಈಗ?" ಎಂದರು ಕಾರ್ಗಲ್‌ನವರು.

ನಾನು ಫೋನ್ ತೆಗೆದು ಡಿಸೆಂಬರಿನ ಫೋಟೊ ತೋರಿಸಿದೆ. ಅದರಲ್ಲಿ ನನ್ನ ಕೈಯೂ ಇತ್ತು, ಬಲ ಭುಜದ ಹಿಂದೆ. ಮಚ್ಚೆ ಬಂದಿರುವ ಜಾಗಕ್ಕೂ ಆ ಜಾಗಕ್ಕೂ ಒಂದು ಗೇಣು ಅಂತರ.

"ಲಾಯದಲ್ಲಿ ಜೀನು ಇದ್ಯಲ್ಲ, ತನ್ನಿ ಅಣ್ಣ," ಎಂದೆ. ಅಣ್ಣ ತಂದರು. ಅದನ್ನು ಬರಿ ಬೆನ್ನಿನ ಮೇಲೆ ಹಗುರವಾಗಿ ಇಟ್ಟು ಮುಂಭಾಗ ಎತ್ತಿ ತೋರಿಸಿದೆ. ಜೀನಿನ ಎರಡು ಮೂಲೆ ಎರಡು ಮಚ್ಚೆಯ ಮೇಲೆ ಸರಿಯಾಗಿ ಕೂತವು.

"ಎಣ್ಣೆ ಹಚ್ಚಿಸಿದ್ದು ಯಾರು ಸರ್?" ಎಂದು ಕೇಳಿದೆ.

"ಎಂಥ ಎಣ್ಣೆ?"

"ಕರ್ಪೂರದ್ದು."

ಮಾಲೀಕರು ಅಣ್ಣನ ಕಡೆ ನೋಡಿದರು. ಅಣ್ಣ ಕುದುರೆಯ ಕಿವಿಯ ಕಡೆ ನೋಡಿದರು.

"ಹಚ್ಚಿದ್ವಪ್ಪ," ಎಂದರು ಮಾಲೀಕರು ಕೊನೆಗೆ, ಕಾರ್ಗಲ್‌ನವರಿಗೆ. "ಕೋಣಕ್ಕೆ ಹಚ್ಚಲ್ವಾ ನಾವು? ಮನುಷ್ಯರಿಗೆ ಹಚ್ಚಲ್ವಾ? ಒಳ್ಳೇದಕ್ಕೇ ಹಚ್ಚಿದ್ದು. ಮಾರನೇ ದಿನ ಗಿರಾಕಿ ಬಂದ್ರು, ಜೀನು ಹಾಕ್ದೆ ಕಳ್ಸಾಕೆ ಆಗ್ತದಾ?"

"ಇಷ್ಟನ್ನೇ ನಿಮ್ಮ ಗುಂಪಿಗೂ ಹೇಳಿ ಸರ್."

"ಹೇಳಾಣಂತೆ."

"ಈಗ. ನೀವು ಹೇಳಿದ ಮೇಲೆ ಇವರಿಗೆ ಬೆನ್ನಿನ ವಿಷಯ ನಾನು ಹೇಳ್ತೀನಿ."

ನನ್ನ ದನಿ ಏರಿರಲಿಲ್ಲ. ತರಗತಿಯಲ್ಲಿ ಹೇಳುವಷ್ಟೇ ಮೆಲ್ಲಗೆ ಹೇಳಿದೆ. ಕಾರ್ಗಲ್‌ನವರಿಗೆ ಯಾವ ಗುಂಪು ಎಂದು ತಿಳಿಯಲಿಲ್ಲ. ಡಿಸೆಂಬರಿನ ಸಂದೇಶವನ್ನು ಅಲ್ಲೇ ಜೋರಾಗಿ ಕೇಳಿಸಿದೆ. ಶೇರ್ವಾನಿ ಹರಿದ ಜಾಗದಲ್ಲಿ ಅವರಿಗೆ ನಗು ಬಂತು, ತಡೆದುಕೊಂಡರು. ಆಮೇಲೆ ಖಾಲಿಯಾಗಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, "ಹೇಳಿ ಸ್ವಾಮಿ, ಹೇಳ್ಬಿಡಿ, ನನಗೂ ಊಟದ ಹೊತ್ತಾಯ್ತು," ಎಂದರು.

ಮಾಲೀಕರು ಫೋನ್ ಬಾಯಿಗೆ ಹಿಡಿದರು. "ಎಲ್ರಿಗೂ ನಮಸ್ಕಾರ. ಆ ಸಾಗರದ ಮೇಡಂ ವಿಷಯದಲ್ಲಿ ಏನೋ ಸಣ್ಣ ತಪ್ಪು ತಿಳುವಳಿಕೆ..."

"ಅಳಿಸಿ," ಎಂದೆ.

ಎರಡನೇ ಸಲ, "ಯಾರದೋ ತಪ್ಪಿಂದ ಕುದುರೆಗೆ ಎಣ್ಣೆ ಬಿದ್ದು..."

"ಯಾರದೋ ಅಲ್ಲ ಸರ್."

ಅವರ ಕಿವಿ ಕೆಂಪಾಗಿತ್ತು. ಒಳಗಿನಿಂದ ಒಬ್ಬರು ಹೆಂಗಸು ಬಾಗಿಲಿಗೆ ಬಂದು ನೋಡಿ ಹಿಂದೆ ಸರಿದರು. ಮೂರನೇ ಸಲ ಅವರು ನನ್ನನ್ನು ನೋಡದೆ, ಕಂಬದ ಕಡೆ ತಿರುಗಿ ಹೇಳಿದರು. "ಮೇಡಂ ಜೀನು ಹಾಕ್ಬೇಡಿ ಅಂತ ಬರ್ದು ಕೊಟ್ಟಿದ್ರು. ನಾನು ಎಣ್ಣೆ ಹಚ್ಚಿಸಿ ಮಾರನೇ ದಿನ ಜೀನು ಹಾಕಿಸ್ದೆ. ಹುಣ್ಣಾಗಿದ್ದು ಅದಕ್ಕೆ. ಮೇಡಂದು ತಪ್ಪಿಲ್ಲ. ನಾನು ಹೇಳಿದ್ದು ಸುಳ್ಳು." ಹನ್ನೆರಡು ಸೆಕೆಂಡು. ಕಳಿಸಿದರು. ಅದು ಹೋದದ್ದನ್ನು ನಾನು ಅವರ ಪಕ್ಕದಲ್ಲಿ ನಿಂತು ನೋಡಿದೆ.

"ಆಯ್ತಲ್ಲ. ಈಗ ಹೇಳಿ ಬೆನ್ನು," ಎಂದರು.

ಹೇಳಬಹುದಿತ್ತು. ಮಾತು ಕೊಟ್ಟಂತೆಯೂ ಆಗಿತ್ತು. ಆದರೆ ಅವರ ಮುಖದ ಮೇಲಿದ್ದ ಗಾಬರಿ ನನಗೆ ಆಗ ಬಹಳ ಇಷ್ಟವಾಯಿತು. ಐದು ತಿಂಗಳು ಅದು ನನ್ನ ಮುಖದ ಮೇಲಿತ್ತು. ಒಂದು ರಾತ್ರಿಯಾದರೂ ಅವರ ಮುಖದ ಮೇಲಿರಲಿ.

"ನಾಳೆ ಹೇಳ್ತೀನಿ," ಎಂದೆ ಕಾರ್ಗಲ್‌ನವರಿಗೆ. "ಇಷ್ಟೆಲ್ಲ ಗದ್ದಲದಲ್ಲಿ ಹೇಳೋ ವಿಷಯ ಅಲ್ಲ."

ಕಾರಿನವರೆಗೆ ಅಣ್ಣ ಬಂದರು. ಕಾರ್ಗಲ್‌ನವರು ಆ ಕಡೆಯಿಂದ ಹತ್ತುತ್ತಿದ್ದಾಗ ತಗ್ಗಿದ ದನಿಯಲ್ಲಿ ಕೇಳಿದರು. "ಅಮ್ಮ, ಅದು ನೋವಲ್ಲ, ಅಲ್ವಾ?"

"ಅಲ್ಲ ಅಣ್ಣ."

"ಹಂಗಾದ್ರೆ ಅವರಿಗೆ ಹೇಳ್ಬಿಡಿ. ಅದು ಇಲ್ಲಿಂದ ಹೋದ್ರೆ ಸಾಕು." ಸ್ವಲ್ಪ ತಡೆದು, "ಎರಡನೇ ಸಲ ಮಾಡ್ಬಾರ್ದಿತ್ತು," ಎಂದರು.

ಕಾರ್ಗಲ್‌ನವರು ಹೊಸನಗರದವರೆಗೆ ಎಲ್ಲೂ ನಿಲ್ಲಿಸದೆ ಕಾರು ಓಡಿಸಿದರು. ಅಲ್ಲಿ ಊಟಕ್ಕೆ ನಿಲ್ಲಿಸಿದಾಗ, "ಬೇರಿಂಗ್ ಹೋಗಿದೆ ಅನ್ನಿ," ಎಂದರು ಬೇಸರದಿಂದ. ಅವರಿಗೆ ಕುದುರೆ ಹಿಡಿಸಿತ್ತು. ನಾಳೆ ಹೇಳ್ತೀನಿ ಸರ್ ಎಂದು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡೆ.

ಸಂಜೆಯೊಳಗೆ ಮೂವರು ಫೋನ್ ಮಾಡಿದರು. ಮೊದಲು ಸಾಗರದ ಆ ಹೆಂಗಸು. "ಏ, ಎಂಥ ಮಾಡಿದ್ಯೇ ಅವರಿಗೆ? ಗುಂಪಲ್ಲಿ ಹಬ್ಬ!" ಎಂದು ಮಗುವಿನ ಹಾಗೆ ನಕ್ಕರು. ಮೆರವಣಿಗೆ ಕುದುರೆಯವರು, ಬರುವ ಶನಿವಾರ ಬಿಡುವಿದೆಯೇ ಎಂದು ಕೇಳಿದರು. ಹೊಸನಗರದವರು ಸಂಕೋಚದಿಂದ, "ನಾವೇನು ನಂಬಿರ್ಲಿಲ್ಲ ಬಿಡಿ," ಎಂದರು. ನಂಬಿದ್ದಿರಿ ಎಂದೆ. ಶನಿವಾರ ಮಧ್ಯಾಹ್ನ ಬರುತ್ತೇನೆ ಎಂದೂ ಹೇಳಿದೆ. ಕೋಣಂದೂರಿನ ನಂಬರಿನಿಂದ ನಾಲ್ಕು ಕರೆ ಬಂದವು. ತೆಗೆದುಕೊಳ್ಳಲಿಲ್ಲ. ಅಷ್ಟು ಚೆನ್ನಾಗಿ ಹಸಿವಾಗಿ ಎಷ್ಟೋ ದಿನವಾಗಿತ್ತು. ಊಟ ಮಾಡುವಾಗ ಅಣ್ಣನ ಮಾತು ನೆನಪಾಯಿತು. ಊಟ ಬಿಡಲಿಲ್ಲ.

ಮರುದಿನ ಸೋಮವಾರ. ಬೆಳಿಗ್ಗೆ ಆರೂವರೆಗೆ ಕಾರ್ಗಲ್‌ಗೆ ಫೋನ್ ಮಾಡಿದೆ.

"ಸರ್, ಕುದುರೆ ಬೆನ್ನು ಚೆನ್ನಾಗಿದೆ. ನಿನ್ನೆ ತಗ್ಗಿದ್ದು ನೋವಿಗಲ್ಲ. ಅಲ್ಲಿ ಉಗುರು ಎಳೆದರೆ ಎಲ್ಲ ಕುದುರೆಯೂ ತಗ್ಗಿಸುತ್ತೆ. ನಿಮಗೆ ಬೇಕಾದರೆ ಬೇರೆ ಕುದುರೆಗೆ ಮಾಡಿ ತೋರಿಸ್ತೀನಿ. ನಿನ್ನೆಯೇ ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅವರ ಬಾಯಿಂದ ಒಂದು ಮಾತು ಬರಬೇಕಿತ್ತು."

"ಬಂದ್ಮೇಲೂ ಹೇಳ್ಲಿಲ್ವಲ್ಲ ಮೇಡಂ. ನಾನು ಇಡೀ ರಾತ್ರಿ ಬೇಜಾರು ಮಾಡ್ಕೊಂಡೆ."

"ಹೌದು ಸರ್. ನಿಮ್ಮನ್ನು ಬೇಜಾರು ಮಾಡಬೇಕು ಅಂತ ಇರಲಿಲ್ಲ."

"ಅವರನ್ನು ಮಾಡ್ಬೇಕು ಅಂತಿತ್ತು."

"ಹೌದು."

ಈಗ ನಕ್ಕರು, ಆದರೆ ನಿನ್ನೆಯ ಹಾಗಲ್ಲ. ಇನ್ನು ಮುಂದೆ ನಾನು ಹೇಳಿದ್ದನ್ನು ಅವರು ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ, ಅದು ಆ ನಗುವಿನಲ್ಲೇ ಗೊತ್ತಾಯಿತು. ಜೀನು ಹೊಸದು ಕೊಳ್ಳಬೇಕು, ಹಳೆಯದನ್ನು ತರಬಾರದು, ತಂದ ಮೇಲೆ ಒಂದು ವಾರ ಯಾರನ್ನೂ ಹತ್ತಿಸಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ನೋಡಿಕೊಂಡ ಹಿರಿಯರು ಬರುವುದಾದರೆ ಜೊತೆಗೆ ಕರೆತನ್ನಿ ಎಂದೆ. ಕೇಳುತ್ತೇನೆ ಎಂದರು.

"ಹಂಗಾದ್ರೆ ನಾನು ಕೋಣಂದೂರಿಗೆ ಫೋನ್ ಮಾಡಿ ಕುದುರೆ ಬೇಕು ಅಂತ ಹೇಳ್ಲಾ?"

"ಸಂಜೆ ಹೇಳಿ ಸರ್."

"ಸಂಜೆ ಯಾಕೆ?"

ಇನ್ನೊಂದು ಹಗಲು ಆ ಮಾಲೀಕರು ಕಾಯಲಿ ಎಂದು ನನಗಿತ್ತು. "ಆಯ್ತು, ಸಂಜೆ," ಎಂದು ಅವರೇ ಇಟ್ಟರು.

ಸ್ನಾನ ಮಾಡಿ, ಇಸ್ತ್ರಿ ಮಾಡಿಟ್ಟಿದ್ದ ಸೀರೆ ಉಟ್ಟು ಕಾಲೇಜಿಗೆ ಹೋದೆ. ಮೊದಲ ಗಂಟೆ ಎರಡನೇ ವರ್ಷದವರಿಗೆ. ಮೇಜಿನ ಮೇಲೆ ಫೋನನ್ನು ಮುಖ ಕೆಳಗೆ ಮಾಡಿ ಇಟ್ಟೆ. ಅದು ಒಮ್ಮೆ ಗುಂಯ್‌ಗುಟ್ಟಿ ನಿಂತಿತು, ಮತ್ತೆ ಗುಂಯ್‌ಗುಟ್ಟಿತು. ಎತ್ತಿ ನೋಡಿದೆ, ಕೋಣಂದೂರಿನ ನಂಬರು. ಫೋನನ್ನು ಚೀಲದೊಳಗೆ ಹಾಕಿ, ಹಾಜರಿ ಪುಸ್ತಕ ತೆರೆದು ಮೊದಲ ನಂಬರು ಕರೆದೆ.